ನೀರು-ಆಯಿಲ್ ನೋಡಿದರೆ ಸಾಕೆ?

1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿಯನ್ನು ಹರ್ಪಾಲ್ ಸಿಂಗ್ ಎಂಬ ಗ್ರಾಹಕರ ಕೈಗಿತ್ತರು. 2014ರ ಜನವರಿಯಲ್ಲಿ ಅದರ ತಯಾರಿಕೆ ನಿಂತಿತು. ಬೆಂಗಳೂರಿನ ಮಟ್ಟಿಗೆ ಕತೆ ಇನ್ನೂ ಮೊದಲೇ ಮುಗಿದಿತ್ತು. ಬಿಎಸ್-4 ನಿಯಮ ಜಾರಿಯಾದ 2010ರ ಏಪ್ರಿಲ್‌ನಲ್ಲೇ ಈ ನಗರವೂ ಸೇರಿ ದೇಶದ 13 ನಗರಗಳಲ್ಲಿ 800 ಮಾರಾಟ ನಿಲ್ಲಿಸಲಾಯಿತು. ಹಾಗಾಗಿ ಇಲ್ಲಿನ ಷೋರೂಮುಗಳಿಂದ ಹೊರಟ 800ಗಳೆಲ್ಲ ಈಗ ಹದಿನೈದು ವರ್ಷ ಕಂಡ ಗಾಡಿಗಳೇ. ಆದರೂ ಬಡಾವಣೆಗಳ ಗೇಟಿನ ಮುಂದೆ, ತಾಲ್ಲೂಕು ಕೇಂದ್ರಗಳ ಸಂತೆ ಬೀದಿಯಲ್ಲಿ ಅವು ಇನ್ನೂ ಕಾಣಸಿಗುತ್ತವೆ. ಅವನ್ನು ಉಳಿಸಿಕೊಂಡವರಲ್ಲಿ ಒಂದು ರೂಢಿಯೂ ಉಳಿದಿದೆ. ದೂರದ ಊರಿಗೆ ಹೊರಡುವ ಮುನ್ನ ಬಾನೆಟ್ ಎತ್ತಿ 'ನೀರು-ಆಯಿಲ್' ನೋಡುವುದು.

ರೂಢಿ ಒಳ್ಳೆಯದೇ. ಆದರೆ ಬಹಳ ಜನ ನೋಡುವುದು ಎಷ್ಟಿದೆ ಎಂದು ಮಾತ್ರ. ಎಷ್ಟು ಇಳಿದಿದೆ, ಯಾಕೆ ಇಳಿದಿದೆ ಎಂದು ಕೇಳುವವರು ಕಡಿಮೆ. ಕಡಿಮೆಯಾದದ್ದನ್ನು ತುಂಬಿಸಿ ಬಾನೆಟ್ ಮುಚ್ಚಿದರೆ ಗಾಡಿ ಹೇಳಲು ಹೊರಟ ಮಾತಿನ ಬಾಯಿ ಮುಚ್ಚಿದಂತೆಯೇ.

ಈ ರೂಢಿಗೆ 800ರಷ್ಟು ಒಗ್ಗುವ ಕಾರು ಅಪರೂಪ. 796 ಸಿಸಿಯ ಮೂರು ಸಿಲಿಂಡರಿನ ಪುಟ್ಟ ಎಂಜಿನ್. ಕ್ಲಚ್‌ಗೆ ಕೇಬಲ್, ಹಾಗಾಗಿ ಅಲ್ಲಿ ನೋಡಲು ಆಯಿಲ್ ಇಲ್ಲ. ಪವರ್ ಸ್ಟೀರಿಂಗ್ ಇಲ್ಲದ್ದರಿಂದ ಅದರ ಡಬ್ಬಿಯೂ ಇಲ್ಲ. ಎಂಜಿನ್ ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್, ಬ್ಯಾಟರಿಯ ಡಿಸ್ಟಿಲ್ಡ್ ವಾಟರ್ ಎಲ್ಲವೂ ನಿಂತಲ್ಲೇ ಕೈಗೆಟಕುತ್ತವೆ. ಗೇರ್ ಆಯಿಲ್ ಒಂದಕ್ಕೆ ಮಾತ್ರ ಗಾಡಿಯ ಕೆಳಗೆ ನುಸುಳಬೇಕು.

ಎಂಜಿನ್ ಆಯಿಲನ್ನೇ ತೆಗೆದುಕೊಳ್ಳಿ. ಸಮತಟ್ಟಾದ ನೆಲದಲ್ಲಿ ಗಾಡಿ ನಿಲ್ಲಿಸಬೇಕು, ಎಂಜಿನ್ ಆಫ್ ಮಾಡಿ ಆಯಿಲ್ ಕೆಳಗಿಳಿಯಲು ಕೆಲವು ನಿಮಿಷ ಕೊಡಬೇಕು. ಡಿಪ್‌ಸ್ಟಿಕ್ ಹೊರಗೆಳೆದು ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗಿಳಿಸಿ ಮತ್ತೆ ತೆಗೆದಾಗ ಕಂಡದ್ದೇ ಲೆಕ್ಕ. ಮೊದಲ ಸಲ ಎಳೆದಾಗ ಕಡ್ಡಿಯ ಉದ್ದಕ್ಕೂ ಮೆತ್ತಿಕೊಂಡ ಆಯಿಲ್ ನೋಡಿ 'ಫುಲ್ ಇದೆ' ಎನ್ನುವವರಿದ್ದಾರೆ. ಬಣ್ಣ ನೋಡಿ ತೀರ್ಪು ಕೊಡುವವರು ಇನ್ನೂ ಹೆಚ್ಚು. ಆಯಿಲ್ ಕಪ್ಪಾಗಿದೆ ಎಂದಮಾತ್ರಕ್ಕೆ ಕೆಟ್ಟಿದೆ ಎಂದರ್ಥವಲ್ಲ. ಅದರಲ್ಲಿನ ಡಿಟರ್ಜೆಂಟ್ ಅಂಶ ಮಸಿಯನ್ನು ಕೂರಲು ಬಿಡದೆ ತನ್ನೊಳಗೆ ತೇಲಿಸಿ ಇಟ್ಟುಕೊಂಡಾಗಲೂ ಕಪ್ಪಾಗುತ್ತದೆ. ಹೆದರಬೇಕಾದ್ದು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ. ಕಡ್ಡಿಯಲ್ಲಿ ಅದು ಕಂಡರೆ ಆಯಿಲಿಗೆ ನೀರು ಸೇರಿದೆ, ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಕು.

ಇನ್ನು ಇಳಿತದ ವಿಚಾರ. ಹಳೆಯ ಎಂಜಿನ್ ಒಂದಿಷ್ಟು ಆಯಿಲ್ ಕುಡಿಯುವುದು ಸಹಜ. ಸಾವಿರ ಕಿಲೋಮೀಟರಿಗೆ ಎಷ್ಟು ಕುಡಿಯುತ್ತಿದೆ ಎಂದು ಓಡೋಮೀಟರಿನ ಅಂಕಿಯೊಂದಿಗೆ ಬರೆದಿಟ್ಟವರಿಗೆ ಮಾತ್ರ ಆ ಪ್ರಮಾಣ ಏರಿದ್ದು ತಿಳಿಯುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಒಮ್ಮೆ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್ ಸವೆದಿರಬಹುದು. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಬಂದರೆ ಪಿಸ್ಟನ್ ರಿಂಗ್ ಸವೆದಿರುವ ಸಾಧ್ಯತೆ ಹೆಚ್ಚು. ಹೊಗೆಯೇ ಇಲ್ಲದೆ ಆಯಿಲ್ ಇಳಿಯುತ್ತಿದ್ದರೆ ರಾತ್ರಿ ಎಂಜಿನ್ ಕೆಳಗೆ ಹಳೆಯ ಪೇಪರ್ ಹಾಸಿಟ್ಟರೆ ಸೋರುವ ಜಾಗ ಗೊತ್ತಾಗುತ್ತದೆ.

ರೂಢಿ ಪೂರ್ತಿ ಸೋಲುವುದು ನೀರಿನ ವಿಷಯದಲ್ಲಿ. 'ಕೂಲೆಂಟ್ ಚಳಿ ದೇಶಕ್ಕೆ, ನಮಗೆ ನೀರೇ ಸಾಕು' ಎಂಬ ಮಾತು ಇನ್ನೂ ಚಾಲ್ತಿಯಲ್ಲಿದೆ. ಕೂಲೆಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ಹೆಪ್ಪುಗಟ್ಟುವುದನ್ನು ತಡೆಯುತ್ತದೆ ಎನ್ನುವುದು ನಿಜವೇ. ಆದರೆ ಅದು ಕುದಿಯುವ ಬಿಂದುವನ್ನೂ ಏರಿಸುತ್ತದೆ, ಜೊತೆಗೆ ಬೆರೆಸಿದ ರಾಸಾಯನಿಕಗಳು ತುಕ್ಕು ತಡೆಯುತ್ತವೆ. 800ರ ಎಂಜಿನ್ ಹೆಡ್ ಅಲ್ಯೂಮಿನಿಯಂನದು, ಆ ರಕ್ಷಣೆ ಅದಕ್ಕೆ ಬೇಕೇ ಬೇಕು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಗಡಸು ಬೋರ್‌ವೆಲ್ ನೀರು ಕಾಯಿಸಿದ ಹಂಡೆಯ ತಳದಲ್ಲಿ ಬಿಳಿ ಪದರ ಕೂರುವುದನ್ನು ಕಾಣದವರಿಲ್ಲ. ಅದೇ ಪದರ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕೂತರೆ ಸಿಗ್ನಲ್‌ನಲ್ಲಿ ನಿಂತಾಗ ಟೆಂಪರೇಚರ್ ಮುಳ್ಳು ಏರತೊಡಗುತ್ತದೆ. ದಾರಿಯಲ್ಲಿ ಕೈಕೊಟ್ಟಾಗ ಬಾಟಲಿ ನೀರು ಸುರಿದು ಊರು ಸೇರುವುದರಲ್ಲಿ ತಪ್ಪಿಲ್ಲ. ಆ ನೀರನ್ನೇ ವರ್ಷಗಟ್ಟಲೆ ಉಳಿಸಿಕೊಳ್ಳುವುದು ತಪ್ಪು.

ಬ್ರೇಕ್ ಆಯಿಲಿನಲ್ಲಿ ಮೋಸ ಬೇರೆ ಥರದ್ದು. ಡಬ್ಬಿ ತುಂಬಿದ್ದರೂ ಒಳಗಿನ ದ್ರವ ಮುದಿಯಾಗಿರಬಹುದು. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ಮಾನದಂಡದ ಪ್ರಕಾರ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಆಗುಂಬೆಯ ತಿರುವುಗಳಲ್ಲಿ ಬ್ರೇಕ್ ಮೇಲೆ ಕಾಲಿಟ್ಟೇ ಇಳಿಯುವವರಿಗೆ ಈ ವ್ಯತ್ಯಾಸ ದೊಡ್ಡದು. ದ್ರವ ಕುದಿದು ಆವಿಯಾದರೆ ಪೆಡಲ್ ಮೆತ್ತಗಾಗಿ ಒಳಹೋಗುತ್ತದೆ. ಮುಂದೆ ಡಿಸ್ಕ್ ಇರುವ ಗಾಡಿಗಳಲ್ಲಿ ಪ್ಯಾಡ್ ಸವೆದಂತೆ ಡಬ್ಬಿಯ ಮಟ್ಟ ನಿಧಾನವಾಗಿ ಇಳಿಯುತ್ತದೆ, ಅದು ಪ್ಯಾಡ್ ನೋಡಿ ಎಂಬ ಸೂಚನೆ. ಮಟ್ಟ ಸರಿದೂಗಿಸುವ ಉತ್ಸಾಹದಲ್ಲಿ ಮೇಲಿಂದ ಮೇಲೆ ತುಂಬಿಸುವವರು ಆ ಸೂಚನೆಯನ್ನೇ ಅಳಿಸುತ್ತಾರೆ. ಎರಡು ವರ್ಷಕ್ಕೊಮ್ಮೆ ಹಳೆಯದನ್ನು ಪೂರ್ತಿ ಹೊರಹಾಕಿ ಹೊಸದು ತುಂಬುವುದೇ ಸರಿಯಾದ ಕ್ರಮ.

ಗ್ಯಾರೇಜುಗಳ ಪಾತ್ರವನ್ನೂ ತೂಗಬೇಕು. ಬೀದಿ ತುದಿಯ ಮೆಕ್ಯಾನಿಕ್ ಸದ್ದು ಕೇಳಿಯೇ ಟ್ಯಾಪೆಟ್ ಸಡಿಲವಾಗಿದೆ ಎನ್ನಬಲ್ಲ. ಆದರೆ ಯಾವ ಆಯಿಲ್, ಎಷ್ಟು ಕಿಲೋಮೀಟರಿನಲ್ಲಿ ಹಾಕಿದೆ ಎಂದು ಬರೆದುಕೊಡುವುದಿಲ್ಲ. ದೊಡ್ಡ ಸರ್ವಿಸ್ ಸೆಂಟರಿನಲ್ಲಿ ಬಿಲ್ ಅಚ್ಚುಕಟ್ಟು, ಆದರೆ ಅಲ್ಲಿ 'ಟಾಪ್-ಅಪ್' ಎಂಬ ಸಾಲಿನ ಮುಂದೆ ಎಷ್ಟು ಎಂ.ಎಲ್. ಎಂದಿರುತ್ತದೆಯೇ ಹೊರತು ಯಾಕೆ ಎಂದು ಇರುವುದಿಲ್ಲ. ಈ ಎರಡರ ನಡುವಿನ ಕಂದರ ತುಂಬುವುದು ಗ್ಲವ್ ಬಾಕ್ಸಿನಲ್ಲಿ ಮಾಲೀಕರೇ ಇಟ್ಟ ಪುಟ್ಟ ನೋಟ್‌ಬುಕ್.

ಬಾನೆಟ್ ಎತ್ತಿ ದ್ರವ ನೋಡಿದರೆ ತಿಳಿಯದ ಸಂಗತಿಗಳೂ ಇವೆ. 800ರಲ್ಲಿ ಟೈಮಿಂಗ್ ಬೆಲ್ಟ್ ಮುಚ್ಚಳದೊಳಗೆ ಅಡಗಿದೆ. ಕಡ್ಡಿ ಎಷ್ಟು ಸಲ ಎಳೆದರೂ ಅದರ ವಯಸ್ಸು ಗೊತ್ತಾಗದು. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲೇ ಚಾಲನೆ ಸಿಕ್ಕ ಇ20 ಪೆಟ್ರೋಲು ಈಗ ಬಂಕುಗಳಲ್ಲಿ ಸಾಮಾನ್ಯ. ಶೇ 20 ಎಥನಾಲ್ ಇರುವ ಈ ಇಂಧನವನ್ನು ಕಾರ್ಬುರೇಟರ್ ಕಾಲದ ರಬ್ಬರ್ ಹೋಸ್, ಗ್ಯಾಸ್ಕೆಟ್‌ಗಳು ಎದುರುನೋಡಿರಲಿಲ್ಲ. ಹಾಗಾಗಿ ಆಯಿಲ್ ನೋಡುವ ಕೈ ಪೆಟ್ರೋಲ್ ಪೈಪನ್ನೂ ಒತ್ತಿ ನೋಡಬೇಕು, ಬಿರುಕು ಬಿಟ್ಟಿದ್ದರೆ, ಉಬ್ಬಿದ್ದರೆ ಬದಲಿಸಬೇಕು. ಕರಾವಳಿಯ ಉಪ್ಪುಗಾಳಿ, ಮಳೆಯಲ್ಲಿ ಬಾಳುವ ಗಾಡಿಗಳಿಗೆ ತುಕ್ಕಿನ ಕಾಟ ಬೇರೆ. ನೆಲದ ತಗಡು ತೂತು ಬಿದ್ದ ಮೇಲೆ ಎಂಜಿನ್ ಎಷ್ಟು ಗಟ್ಟಿಮುಟ್ಟಾಗಿದ್ದರೂ ಪ್ರಯೋಜನವಿಲ್ಲ. ಹದಿನೈದು ವರ್ಷದ ನಂತರ ಆರ್‌ಸಿ ನವೀಕರಣವಾಗುವುದು ಐದೈದು ವರ್ಷಕ್ಕೆ, ಅದೂ ತಪಾಸಣೆಯಲ್ಲಿ ಗಾಡಿ ಪಾಸಾದರೆ.

ಇಷ್ಟೆಲ್ಲ ಮಿತಿಯಿದ್ದರೂ ಖರ್ಚಿನ ಲೆಕ್ಕದಲ್ಲಿ ಈ ರೂಢಿಗೆ ಸಾಟಿಯಿಲ್ಲ. ಒಂದು ಬಟ್ಟೆ ಚೂರು, ವಾರಕ್ಕೆ ಐದು ನಿಮಿಷ, ಒಂದು ನೋಟ್‌ಬುಕ್ ಇದ್ದರೆ ಹೆಡ್ ಬಿಚ್ಚುವ ಕೆಲಸವನ್ನು ಎಷ್ಟೋ ಸಲ ತಪ್ಪಿಸಬಹುದು. ಅದರಲ್ಲಿ ತಿದ್ದಬೇಕಾದ್ದು ಮೂರೇ: ರೇಡಿಯೇಟರಿಗೆ ನಲ್ಲಿ ನೀರು ಬೇಡ, ಬ್ರೇಕ್ ಆಯಿಲನ್ನು ಮಟ್ಟದಿಂದಲ್ಲ ವಯಸ್ಸಿನಿಂದ ಅಳೆಯಬೇಕು, ಏನನ್ನಾದರೂ ತುಂಬಿಸುವ ಮುನ್ನ ಓಡೋಮೀಟರಿನ ಅಂಕಿ ಬರೆದುಕೊಳ್ಳಬೇಕು.