ಇದು ನೀವೇನಾ?

ಹಳೆಯ ಕಪ್ಪು ಬಿಳುಪು ಚಿತ್ರದಲ್ಲಿ, ಗುಂಪಿನ ನಡುವೆ ಒಬ್ಬ ಹೆಂಗಸಿನ ಮುಖ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ಆ ಮುಖವನ್ನು ಒಬ್ಬ ವೃದ್ಧೆಗೆ ತೋರಿಸಿ, ಇದು ನೀವೇನಾ ಎಂದು ನಿರ್ದೇಶಕರು ಕೇಳುತ್ತಾರೆ. ಆಕೆಗೆ ಖಾತ್ರಿಯಾಗುವುದಿಲ್ಲ. ಇದೇ ಆಕೆ, ಸೈನ್ಯ ಹೊತ್ತೊಯ್ದ ತನ್ನ ಗಂಡ, ಮಗನೂ ಸೇರಿ ಮನೆಯ ಐದು ಜನರ ಲೆಕ್ಕವನ್ನು ತಡವರಿಸದೆ ಒಪ್ಪಿಸುತ್ತಾರೆ. ತನ್ನ ಮುಖದ ಗುರುತು ಹತ್ತದವರಿಗೆ ಕಳೆದುಹೋದವರ ಗುರುತು ಮಾತ್ರ ಒಂದಿಷ್ಟೂ ಮಾಸಿಲ್ಲ.

ಪಾತ್ರಿಸಿಯೊ ಗುಸ್ಮಾನ್ ಅವರ ‘ಚಿಲಿ: ಹಠಮಾರಿ ನೆನಪು’ (1997) ಸಾಕ್ಷ್ಯಚಿತ್ರದ ದೃಶ್ಯ ಇದು. ಒಂದು ಗಂಟೆಯೂ ಇಲ್ಲದ ಈ ಚಿತ್ರವನ್ನು ಅವರ ಹೆಚ್ಚು ಹೆಸರು ಮಾಡಿದ ಚಿತ್ರಗಳಿಗಿಂತ ಮೇಲೆ ಇಡುತ್ತೇನೆ. ಕಾರಣ ಈ ಪ್ರಶ್ನೆಯಲ್ಲೇ ಇದೆ. ತನ್ನ ಬಳಿಯಿರುವ ಚಿತ್ರವನ್ನು ಗುಸ್ಮಾನ್ ಇಲ್ಲಿ ಪುರಾವೆಯೆಂದು ಎತ್ತಿ ಹಿಡಿಯುವುದಿಲ್ಲ. ಯಾರದೋ ಅದು, ಅವರಿಗೆ ಮರಳಿಸಬೇಕು ಎಂಬಂತೆ ಮನೆಮನೆಗೆ ಒಯ್ಯುತ್ತಾರೆ.

ಆ ಹಳೆಯ ಚಿತ್ರ ಉಳಿದದ್ದೇ ಒಂದು ಕಥೆ. ಚುನಾಯಿತ ಅಧ್ಯಕ್ಷ ಸಾಲ್ವದೋರ್ ಅಯೆಂದೆ ಅವರ ಕೊನೆಯ ತಿಂಗಳುಗಳನ್ನು ಗುಸ್ಮಾನ್ ಒಂದು ಸಣ್ಣ ತಂಡ ಕಟ್ಟಿಕೊಂಡು ಬೀದಿಬೀದಿ ಅಲೆದು ಚಿತ್ರೀಕರಿಸಿದ್ದರು. ಫಿಲ್ಮ್ ಸುರುಳಿ ಕೊಳ್ಳಲು ದಾರಿಯಿಲ್ಲದಾಗ ಫ್ರಾನ್ಸಿನ ನಿರ್ದೇಶಕ ಕ್ರಿಸ್ ಮಾರ್ಕರ್ ಕಳಿಸಿಕೊಟ್ಟರು. 1973ರ ಸೆಪ್ಟೆಂಬರ್ 11ರಂದು ಜನರಲ್ ಪಿನೊಚೆ ನೇತೃತ್ವದ ಸೈನಿಕ ದಂಗೆಯಲ್ಲಿ ಅಧ್ಯಕ್ಷರ ಅರಮನೆಯ ಮೇಲೆ ಬಾಂಬು ಬಿತ್ತು. ಗುಸ್ಮಾನ್ ರಾಷ್ಟ್ರೀಯ ಕ್ರೀಡಾಂಗಣದಲ್ಲಿ 15 ದಿನ ಕೈದಿಯಾಗಿದ್ದರು. ಸುರುಳಿಗಳನ್ನು ಅವರ ಚಿಕ್ಕಪ್ಪ ಬಚ್ಚಿಟ್ಟರು, ಸ್ವೀಡನ್ನಿನ ರಾಯಭಾರ ಕಚೇರಿಯ ನೆರವಿನಿಂದ ಅವು ಹಡಗು ಹತ್ತಿದವು. ಕ್ಯೂಬಾದಲ್ಲಿ ಸಂಕಲನಗೊಂಡು ‘ಬ್ಯಾಟಲ್ ಆಫ್ ಚಿಲಿ’ ಎಂಬ ಮೂರು ಭಾಗಗಳ ಚಿತ್ರವಾದವು. ಅದನ್ನು ಸೆರೆಹಿಡಿದ ಕ್ಯಾಮೆರಾಮನ್ ಹೋರ್ಹೆ ಮ್ಯೂಲರ್ ಮಾತ್ರ 1974ರ ನವೆಂಬರಿನಲ್ಲಿ ಬಂಧನಕ್ಕೊಳಗಾದವರು ಮತ್ತೆ ಕಾಣಲಿಲ್ಲ.

ಆ ಮೂರು ಭಾಗಗಳಲ್ಲಿ ‘ನಾನು’ ಇಲ್ಲ. ‘ಹಠಮಾರಿ ನೆನಪಿ’ನಲ್ಲಿ ಇದೆ, ಆದರೆ ಕೇಳಿಸಿಕೊಳ್ಳುವ ನಾನು. ಸೈನಿಕ ಆಡಳಿತ ಮುಗಿದು ಏಳು ವರ್ಷವಾಗಿತ್ತು, ಪಿನೊಚೆ ಇನ್ನೂ ಭೂಸೇನೆಯ ಮುಖ್ಯಸ್ಥ. ಅಂಥ ಹೊತ್ತಿನಲ್ಲಿ ಗುಸ್ಮಾನ್ ಸಾಂಟಿಯಾಗೊದ ಪೇಟೆಬೀದಿಯಲ್ಲಿ ಒಂದಷ್ಟು ಹುಡುಗರು ಅಯೆಂದೆ ಕಾಲದ ಹಾಡನ್ನು ವಾದ್ಯಗಳಲ್ಲಿ ನುಡಿಸಿಕೊಂಡು ಸಾಗುವಂತೆ ಮಾಡುತ್ತಾರೆ. ದಾರಿಹೋಕರು ಗಕ್ಕನೆ ನಿಲ್ಲುತ್ತಾರೆ. ಕೆಲವರ ಕೈ ಚಪ್ಪಾಳೆಗೆ ಏಳುತ್ತದೆ, ಕೆಲವರ ಮುಖ ಗಂಟಿಕ್ಕುತ್ತದೆ. ಹಾಡಿನ ಮಾತು ಯಾರೂ ಆಡುತ್ತಿಲ್ಲ, ಬರೀ ರಾಗ. ಆ ರಾಗಕ್ಕೇ ಬೀದಿ ಎರಡು ಪಾಲಾಗುತ್ತದೆ. ಇನ್ನೊಂದು ಕಡೆ ಅಯೆಂದೆಯ ಬದುಕುಳಿದ ಅಂಗರಕ್ಷಕರು, ನರೆತ ತಲೆಯವರು, ನಿಧಾನ ಚಲಿಸುವ ಕಾರಿನ ಮೇಲೆ ಕೈಯಿಟ್ಟು ಹಿಂದಿನಂತೆಯೇ ಪಕ್ಕದಲ್ಲಿ ನಡೆಯುತ್ತಾರೆ. ಮನಸ್ಸು ಮರೆತಿದ್ದನ್ನು ಅಂಗೈ ಮರೆತಿಲ್ಲ. ‘ಬ್ಯಾಟಲ್ ಆಫ್ ಚಿಲಿ’ ನೋಡಿ ಮುಗಿಸಿದ ವಿದ್ಯಾರ್ಥಿಗಳು ಬಿಕ್ಕಿ ಅಳುವಾಗ ಕ್ಯಾಮೆರಾ ಅವರ ಎದುರು ಸುಮ್ಮನೆ ನಿಲ್ಲುತ್ತದೆ. ಅಳು ಮುಗಿಯಲಿ ಎಂದು ಕಾಯುವ ಆ ತಾಳ್ಮೆಯೇ ಈ ಚಿತ್ರದ ಪ್ರತಿರೋಧ ಎಂದು ನನಗನ್ನಿಸುತ್ತದೆ.

2010ರ ‘ನಾಸ್ಟಾಲ್ಜಿಯಾ ಫಾರ್ ದಿ ಲೈಟ್’ ಇದಕ್ಕಿಂತ ಸುಂದರ. ಅಟಕಾಮಾ ಮರುಭೂಮಿಯಲ್ಲಿ ಖಗೋಳ ವಿಜ್ಞಾನಿಗಳು ಮೇಲೆ ನೋಡುತ್ತಾರೆ. ಕಲಾಮಾ ಊರಿನ ಹೆಂಗಸರು ಕೈಸಲಿಕೆ ಹಿಡಿದು ಕೆಳಗೆ ನೋಡುತ್ತ, ಗಂಡ, ಅಣ್ಣತಮ್ಮಂದಿರ ಎಲುಬಿನ ಚೂರು ಹುಡುಕುತ್ತಾರೆ. ಈ ಜೋಡಣೆಯನ್ನು ಹೊಗಳದ ವಿಮರ್ಶಕರಿಲ್ಲ. ನನಗೆ ಹೆಚ್ಚು ನಾಟಿದ್ದು ವಾಸ್ತುಶಿಲ್ಪಿ ಮಿಗೆಲ್ ಲಾವ್ನೆರ್. ಬಂದೀಖಾನೆಯನ್ನು ಹೆಜ್ಜೆಗಳಿಂದ ಅಳೆದು, ರಾತ್ರಿ ನಕ್ಷೆ ಬರೆದು, ಬೆಳಗಾಗುವ ಮುಂಚೆ ಹರಿದುಹಾಕಿ, ದೇಶ ಬಿಟ್ಟ ಮೇಲೆ ಡೆನ್ಮಾರ್ಕಿನಲ್ಲಿ ಆ ನಕ್ಷೆಗಳನ್ನು ನೆನಪಿನಿಂದಲೇ ಮತ್ತೆ ಬರೆದವರು. ಚಿತ್ರದಲ್ಲಿ ಮುಪ್ಪಿನ ಲಾವ್ನೆರ್ ಮತ್ತೆ ಹೆಜ್ಜೆ ಎಣಿಸುತ್ತ ಕೋಣೆಯಲ್ಲಿ ನಡೆಯುತ್ತಾರೆ. ಜೊತೆಗೆ ಅವರ ಹೆಂಡತಿ, ಮರೆವಿನ ರೋಗದಲ್ಲಿ ಜಾರುತ್ತಿರುವವರು. ನೋಡುವವರಿಗೆ ಅಷ್ಟು ಸಾಕು. ಆದರೆ ಗುಸ್ಮಾನ್ ದನಿ ಬಂದು, ಈ ದಂಪತಿ ಚಿಲಿಯ ರೂಪಕ ಎಂದು ಹೇಳಿಬಿಡುತ್ತದೆ. ಆ ಮಾತಿನಿಂದ ಇಬ್ಬರು ಮನುಷ್ಯರು ತುಸು ಸಣ್ಣವರಾಗುತ್ತಾರೆ. ಇದು ನಿಜವಾದ ದೋಷ. ‘ದಿ ಪರ್ಲ್ ಬಟನ್’ನಲ್ಲಿ (2015) ಅದು ಬೆಳೆದು, ನೀರು, ನಕ್ಷತ್ರ, ಗುಂಡಿ ಎಲ್ಲವೂ ಒಂದಕ್ಕೊಂದು ಅರ್ಥ ಕೊಡಲು ಸಾಲುಗಟ್ಟುತ್ತವೆ. ಕಣ್ಮರೆಯಾದವರ ನೋವಿಗೆ ಅಷ್ಟು ಸಲೀಸಾದ ಪ್ರಾಸ ಹೊಂದುವುದಿಲ್ಲ.

‘ದಿ ಕಾರ್ಡಿಲೆರಾ ಆಫ್ ಡ್ರೀಮ್ಸ್’ (2019) ಬರುವ ಹೊತ್ತಿಗೆ ಆ ದನಿಗೆ ತನ್ನ ಮಿತಿ ಕಂಡಿತು. ಪಾಬ್ಲೊ ಸಾಲಾಸ್ ಎಂಬ ಕ್ಯಾಮೆರಾಮನ್ ದೇಶ ಬಿಡದೆ, ಸರ್ವಾಧಿಕಾರದ ವರ್ಷಗಳಲ್ಲಿ ಲಾಠಿ, ಅಶ್ರುವಾಯು, ನೀರಿನ ಫಿರಂಗಿಗಳ ನಡುವೆ ಪ್ರತಿಭಟನೆಗಳನ್ನು ಚಿತ್ರೀಕರಿಸುತ್ತಲೇ ಇದ್ದವರು. ಪ್ಯಾರಿಸ್ಸಿನಲ್ಲಿ ನೆಲೆಸಿದ ಗುಸ್ಮಾನ್, ಸಾಲಾಸ್ ಅವರ ಕೋಣೆಗೆ ಬಂದು ಕೂರುತ್ತಾರೆ. ಸುತ್ತಲೂ ಟೇಪುಗಳ ರಾಶಿ. ಪರ್ವತ, ಕನಸು ಎಂದೆಲ್ಲ ಹೆಣೆದ ಚಿತ್ರ ಅಲ್ಲಿ ಮೊದಲ ಬಾರಿ ಮಾತು ಕಡಿಮೆ ಮಾಡುತ್ತದೆ. ತಾನು ಇಲ್ಲದಿದ್ದಾಗ ಇಲ್ಲಿ ನಡೆದದ್ದನ್ನು ಗುಸ್ಮಾನ್ ಇನ್ನೊಬ್ಬರ ಕಣ್ಣಿನಿಂದ ನೋಡುತ್ತಾರೆ, ಸಾಲಾಸ್ ಹೇಳುತ್ತಾ ಹೋಗುತ್ತಾರೆ.