ಶೇಕಡಾ 84ರ ಮೋಡಿ

ಅಮೆರಿಕದ ನಿಧಿ ಸಂಗ್ರಾಹಕ ಡ್ಯಾನ್ ಪಲ್ಲೊಟ್ಟಾ 2013ರಲ್ಲಿ ಟೆಡ್ ವೇದಿಕೆಯಲ್ಲಿ ಮಾಡಿದ ಭಾಷಣಕ್ಕೆ ಎನ್‌ಜಿಒ ವಲಯದಲ್ಲಿ ಈಗ ಹೆಚ್ಚುಕಡಿಮೆ ಧರ್ಮಗ್ರಂಥದ ಸ್ಥಾನ. ನಿಧಿ ಸಂಗ್ರಹದ ತರಬೇತಿಗಳಲ್ಲಿ ಅದರ ತುಣುಕು ಪರದೆಯ ಮೇಲೆ ಬರುತ್ತದೆ, ಕೇಳಿದವರು ತಲೆದೂಗುತ್ತಾರೆ, ಚರ್ಚೆ ಅಲ್ಲಿಗೆ ಮುಗಿಯುತ್ತದೆ. 2008ರ ಅವರ ಪುಸ್ತಕದ ಹೆಸರನ್ನೇ ಹೊತ್ತು 2023ರಲ್ಲಿ ‘ಅನ್‌ಚಾರಿಟಬಲ್’ ಎಂಬ ಸಾಕ್ಷ್ಯಚಿತ್ರವೂ ಬಂತು. ವಾದ ಬಲ್ಲವರಿಗೆ ಹೊಸದಲ್ಲ: ಸಂಬಳ, ಜಾಹೀರಾತು, ಅಪಾಯದ ಧೈರ್ಯ, ಕಾಲಾವಕಾಶ, ಬಂಡವಾಳ ಈ ಐದರಲ್ಲೂ ಕಂಪನಿಗೊಂದು ನ್ಯಾಯ, ಸೇವಾಸಂಸ್ಥೆಗೊಂದು ನ್ಯಾಯ, ಓವರ್‌ಹೆಡ್ (ಆಡಳಿತ, ನಿಧಿ ಸಂಗ್ರಹದ ಖರ್ಚು) ಎಷ್ಟು ಎಂದು ಕೇಳುವುದನ್ನು ಬಿಟ್ಟು ಕನಸು ಎಷ್ಟು ದೊಡ್ಡದು ಎಂದು ಕೇಳಿ.

ಅರ್ಧ ಸತ್ಯವನ್ನು ಇಷ್ಟು ಸೊಗಸಾಗಿ ಹೇಳಿದ ಭಾಷಣ ಇನ್ನೊಂದಿಲ್ಲ. ಬದಲಾವಣೆಯ ಕಾಲದಲ್ಲಿ ಸೇವಾಸಂಸ್ಥೆಯನ್ನು ನಡೆಸುವುದು ಹೇಗೆ ಎಂಬುದಕ್ಕೆ ಇದನ್ನೇ ಪಾಠವಾಗಿ ಹಿಡಿಯುವವರು ಮಾತ್ರ ಅದರ ನಡುವಿನ ಒಂದು ಭಾಗವನ್ನು ನಿಧಾನವಾಗಿ ಓದಬೇಕು. ಭಾಷಣದ ಜೀವ ಅಲ್ಲಿದೆ, ದೋಷವೂ ಅಲ್ಲೇ ಇದೆ.

ಆ ಭಾಗದಲ್ಲಿ ಪಲ್ಲೊಟ್ಟಾ ತಮ್ಮ ಕಥೆ ಹೇಳುತ್ತಾರೆ. ಅವರ ಕಂಪನಿ ಏಡ್ಸ್ ರೋಗಿಗಳಿಗಾಗಿ ಸೈಕಲ್ ಯಾತ್ರೆಗಳನ್ನು, ಸ್ತನ ಕ್ಯಾನ್ಸರ್‌ಗಾಗಿ ಮೂರು ದಿನದ ಕಾಲ್ನಡಿಗೆಗಳನ್ನು ನಡೆಸುತ್ತಿತ್ತು. ಕಾಲ್ನಡಿಗೆಗೆ ಮೊದಲು ಹಾಕಿದ 3.5 ಲಕ್ಷ ಡಾಲರ್ ಐದು ವರ್ಷದಲ್ಲಿ 554 ಪಟ್ಟು ಬೆಳೆದು, ಖರ್ಚು ಕಳೆದು 19.4 ಕೋಟಿ ಡಾಲರ್ ಆಯಿತು. 2002ರಲ್ಲಿ ಒಂದೇ ವರ್ಷಕ್ಕೆ 7.1 ಕೋಟಿ ಉಳಿಯಿತು. ಅಷ್ಟರಲ್ಲಿ, ಒಟ್ಟು ಸಂಗ್ರಹದ ಶೇಕಡಾ 40ನ್ನು ಜನ ಸೇರಿಸುವುದಕ್ಕೂ ಅವರ ಉಪಚಾರಕ್ಕೂ ಸುರಿಯುತ್ತಾರೆಂದು ಪತ್ರಿಕೆಗಳು ಹರಿಹಾಯ್ದವು, ಪ್ರಾಯೋಜಕರು ಕೈಬಿಟ್ಟರು, 350 ನೌಕರರು ಒಂದೇ ದಿನ ಕೆಲಸ ಕಳೆದುಕೊಂಡರು. ಪ್ರಾಯೋಜಕರು ತಾವೇ ನಡೆಸಲು ಹೋದಾಗ ಖರ್ಚು ಏರಿತು, ಕ್ಯಾನ್ಸರ್ ಸಂಶೋಧನೆಗೆ ಸಿಗುತ್ತಿದ್ದ ಹಣ ಒಂದೇ ವರ್ಷದಲ್ಲಿ ಶೇಕಡಾ 84ರಷ್ಟು, ಅಂದರೆ 6 ಕೋಟಿ ಡಾಲರ್, ಕುಸಿಯಿತು. ಸಭಿಕರ ಎದೆ ಝಲ್ಲೆನ್ನುವುದು ಇಲ್ಲಿ.

ಮೊದಲು 554 ಪಟ್ಟಿನ ಲೆಕ್ಕ ನೋಡೋಣ. ನಿವ್ವಳ 19.4 ಕೋಟಿ, ಶೇಕಡಾ 40ರ ಪ್ರಮಾಣವನ್ನು ಐದೂ ವರ್ಷಕ್ಕೆ ಹಿಡಿದರೆ ಒಟ್ಟು ಸಂಗ್ರಹ ಸುಮಾರು 32.3 ಕೋಟಿ, ಖರ್ಚು ಸುಮಾರು 12.9 ಕೋಟಿ ಡಾಲರ್. ಹಾಗಾದರೆ ನಿಜವಾದ ಹೂಡಿಕೆ 3.5 ಲಕ್ಷವೋ, 12.9 ಕೋಟಿಯೋ? ವ್ಯಾಪಾರದಲ್ಲಾದರೆ ಮೊದಲ ಬಂಡವಾಳದ ಮೇಲೆ ಲಾಭ ಅಳೆಯುವುದು ತಪ್ಪಲ್ಲ; ಹೋಟೆಲಿನ ಗಿರಾಕಿ ಕೊಟ್ಟ ದುಡ್ಡಿಗೆ ಇಡ್ಲಿ ತಿಂದು ಹೋಗಿರುತ್ತಾನೆ, ಅಕ್ಕಿ ಉದ್ದಿನ ಲೆಕ್ಕ ಅವನಿಗೆ ಬೇಕಿಲ್ಲ. ಇಲ್ಲಿ ದುಡ್ಡು ಕೊಟ್ಟವರು ನಡೆದವರ ನೆಂಟರು, ನೆರೆಯವರು, ಸಹೋದ್ಯೋಗಿಗಳು. ಅವರು ಕೊಟ್ಟದ್ದು ಕ್ಯಾನ್ಸರ್ ಸಂಶೋಧನೆಗೆ. ಆ 12.9 ಕೋಟಿಯ ಹೂಡಿಕೆದಾರರು ಅವರೇ, ಕೇಳದೆ ಆದವರು. ಅವರ ಕಡೆಯಿಂದ ನೋಡಿದರೆ ನೂರಕ್ಕೆ ಅರವತ್ತು ಗುರಿ ಮುಟ್ಟಿತು. ಅದು ಕೆಟ್ಟ ಫಲಿತಾಂಶವಲ್ಲ, ಸಮರ್ಥಿಸಬಹುದಾದದ್ದೇ. ಆದರೆ ಪಲ್ಲೊಟ್ಟಾ ಸಮರ್ಥಿಸಲು ಹೋಗುವುದಿಲ್ಲ, 554 ಎಂಬ ಸಂಖ್ಯೆಯ ಹಿಂದೆ ಅದನ್ನು ದಾಟಿಸಿಬಿಡುತ್ತಾರೆ.

ಇನ್ನು ಶೇಕಡಾ 84. ಹೋಲಿಕೆಯ ಒಂದು ತುದಿ ಅವರ ಇತಿಹಾಸದಲ್ಲೇ ಅತಿ ಒಳ್ಳೆಯ ವರ್ಷ, ಇನ್ನೊಂದು ತುದಿ ಹೊಸಬರ ಮೊದಲ ವರ್ಷ. ಯಾವ ಸಂಸ್ಥೆಯನ್ನಾದರೂ ಹೀಗೆ ಅಳೆದರೆ ಹಳೆಯ ನಾಯಕ ದೇವರಾಗಿ ಕಾಣುತ್ತಾನೆ. ಅಲ್ಲದೆ ಆ ವಾಕ್ಯ ಹೇಳುವುದು ಕೈಬಿಟ್ಟುಹೋದ ಪ್ರಾಯೋಜಕರ ಕಥೆಯನ್ನಷ್ಟೇ. ಮೂರು ದಿನದ ನಡಿಗೆ 2003ರಿಂದ ಸೂಸನ್ ಜಿ. ಕೋಮೆನ್ ಸಂಸ್ಥೆಗಾಗಿ ಮುಂದುವರಿಯಿತು. ಅಲ್ಲಿ ನಡೆದವರ ದೇಣಿಗೆಯೂ ಸ್ತನ ಕ್ಯಾನ್ಸರ್‌ಗೇ ಹೋಯಿತು. ಕೇಳುಗರಿಗೆ ಉಳಿಯುವ ಚಿತ್ರವೆಂದರೆ ಪಲ್ಲೊಟ್ಟಾ ಹೋದರು, ಹಣ ಮಾಯವಾಯಿತು ಎಂಬುದು.

ಭಾಷಣದಲ್ಲಿ ಸುಳಿಯದೇ ಇರುವ ಸಂಗತಿ ಇವೆಲ್ಲಕ್ಕಿಂತ ದೊಡ್ಡದು. ಸ್ಯಾನ್ ಫ್ರಾನ್ಸಿಸ್ಕೊದಿಂದ ಲಾಸ್ ಏಂಜಲೀಸ್‌ಗೆ ಹೋಗುವ ಕ್ಯಾಲಿಫೋರ್ನಿಯಾ ಏಡ್ಸ್ ಯಾತ್ರೆಯನ್ನು ಪಲ್ಲೊಟ್ಟಾ 1994ರಲ್ಲಿ ಆರಂಭಿಸಿದ್ದರು. ಅದರ ಫಲಾನುಭವಿಗಳಾಗಿದ್ದ ಎರಡು ಸಂಸ್ಥೆಗಳು ಖರ್ಚಿನ ವಿಚಾರಕ್ಕೆ ಮುನಿಸಿಕೊಂಡು ಹೊರಬಂದು, 2002ರಲ್ಲಿ ಅದೇ ಹಾದಿಯಲ್ಲಿ ‘ಏಡ್ಸ್/ಲೈಫ್‌ಸೈಕಲ್’ ಎಂಬ ತಮ್ಮದೇ ಯಾತ್ರೆ ಹೊರಡಿಸಿದವು. ಕೋವಿಡ್ ಕಾಲದ ವಿರಾಮ ಬಿಟ್ಟರೆ 2025ರ ಜೂನ್‌ವರೆಗೆ ಅದು ನಡೆಯಿತು. ಕೋವಿಡ್ ನಂತರ ಸವಾರರು ಕಡಿಮೆಯಾಗಿ, ಖರ್ಚು ಏರಿದಾಗ, ಇದೇ ಕೊನೆಯ ಯಾತ್ರೆ ಎಂದು ಮೊದಲೇ ಸಾರಿ ಮುಗಿಸಿದರು. ಬದಲಾವಣೆಗೆ ಒಗ್ಗಿಕೊಳ್ಳುವುದರ ಪಾಠ ಬೇಕಿದ್ದರೆ ಇಲ್ಲಿದೆ. ಹೊರಗಿನ ಕಂಪನಿಗೆ ಗುತ್ತಿಗೆ ಕೊಟ್ಟಿದ್ದ ಯಾಚನೆಯನ್ನು ಸಂಸ್ಥೆಗಳು ಮರಳಿ ಕೈಗೆ ತಂದುಕೊಂಡವು, ಎರಡು ದಶಕ ಸಾಕಿದವು, ಲಾಭವಿಲ್ಲವೆಂದು ಕಂಡಾಗ ನಿಲ್ಲಿಸಿದವು. ಈ ಕಥೆಗೆ ಭಾಷಣವಿಲ್ಲ, ಸಾಕ್ಷ್ಯಚಿತ್ರದ ವೈಭವವಿಲ್ಲ.

ದಿನಾಂಕಗಳನ್ನು ಗಮನಿಸಿ. ಸೈಕಲ್ ಯಾತ್ರೆಯ ಪಾಲುದಾರರು ಖರ್ಚಿನ ಮಾತೆತ್ತಿ ಬೇರೆಯಾದದ್ದು ಕಾಲ್ನಡಿಗೆಯ ಪ್ರಾಯೋಜಕರು ಹೋಗುವುದಕ್ಕೆ ಮೊದಲು. ಎಚ್ಚರಿಕೆಯ ಗಂಟೆ ಆಗಲೇ ಬಾರಿಸಿತ್ತು. ಕೊಡುವವರ ಮನಸ್ಸು ತಿರುಗುತ್ತಿರುವುದನ್ನು ಓದಬೇಕಾದದ್ದು ನಾಯಕನ ಮೊದಲ ಕೆಲಸ. ಪಲ್ಲೊಟ್ಟಾ ಅದನ್ನು ಸಮಾಜದ ಪೂರ್ವಗ್ರಹವೆಂದು ಕರೆದು, ಕಟ್ಟುನಿಟ್ಟಿನ ಕ್ರೈಸ್ತ ಪಂಥದ ಪ್ಯೂರಿಟನ್ನರ ಕಾಲದವರೆಗೂ ಎಳೆದುಕೊಂಡು ಹೋದರು. ಒಬ್ಬ ಪ್ರಾಯೋಜಕ ಎದ್ದುಹೋದರೆ 350 ಜನರ ಅನ್ನ ಹೋಗುವ ವ್ಯವಸ್ಥೆ ಕಟ್ಟಿದ್ದು ಯಾರು ಎಂಬ ಪ್ರಶ್ನೆಗೆ ಅಲ್ಲಿ ಜಾಗವಿಲ್ಲ.

ಈಗ ಈ ಭಾಷಣವನ್ನು ಭಾರತಕ್ಕೆ ಅನ್ವಯಿಸುವ ನಮ್ಮ ವ್ಯಾಖ್ಯಾನಕಾರರ ಸರದಿ. 2020ರ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ತಿದ್ದುಪಡಿ ವಿದೇಶಿ ದೇಣಿಗೆಯಲ್ಲಿ ಆಡಳಿತ ವೆಚ್ಚದ ಮಿತಿಯನ್ನು ಶೇಕಡಾ 50ರಿಂದ 20ಕ್ಕೆ ಇಳಿಸಿದ ಮೇಲೆ ಸಲಹೆಗಾರರ ಒಂದು ಪಂಗಡ ಪಲ್ಲೊಟ್ಟಾರನ್ನೇ ಬ್ರಹ್ಮಾಸ್ತ್ರ ಮಾಡಿಕೊಂಡಿದೆ. ಅವರು ಹೊಡೆಯುತ್ತಿರುವ ಗುರಿಯೇ ಬೇರೆ. ಸ್ಟ್ಯಾನ್‌ಫರ್ಡ್ ಎಂಬಿಎಗೆ 4 ಲಕ್ಷ ಡಾಲರ್, ಹಸಿವು ನೀಗಿಸುವ ಸಂಸ್ಥೆಯ ಮುಖ್ಯಸ್ಥನಿಗೆ 84 ಸಾವಿರ ಎಂಬ ಭಾಷಣದ ಗೋಳು ರಾಯಚೂರಿನ, ಯಾದಗಿರಿಯ ಸಣ್ಣ ಸಂಸ್ಥೆಯ ಗೋಳಲ್ಲ. ಅವರಿಗೆ ಬೇಕಿರುವುದು ಅಕೌಂಟೆಂಟ್ ಸಂಬಳ, ಆಫೀಸ್ ಬಾಡಿಗೆ, ಕಾರ್ಯಕರ್ತೆಯ ಬಸ್ ಚಾರ್ಜು. ಅದೇ ತಿದ್ದುಪಡಿ ವಿದೇಶಿ ದೇಣಿಗೆಯನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ದಾಟಿಸುವುದನ್ನೂ ನಿಷೇಧಿಸಿತು. ದೊಡ್ಡವರ ಮೂಲಕ ಹಣ ಪಡೆಯುತ್ತಿದ್ದ ಸಣ್ಣವರಿಗೆ ಆಳವಾಗಿ ಇರಿದದ್ದು ಅದು. ಅದಕ್ಕೆ ಪಲ್ಲೊಟ್ಟಾ ಬಳಿ ಮದ್ದಿಲ್ಲ.

ಇದೇ ಪಂಗಡ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ, ಅಂದರೆ ಸಿಎಸ್‌ಆರ್‌ನ ಶೇಕಡಾ 5ನ್ನೂ ಅಡ್ಡಾದಿಡ್ಡಿ ಬಳಸುತ್ತದೆ. 2021ರ ನಿಯಮ ಮಿತಿ ಹಾಕಿದ್ದು ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಖರ್ಚಿಗೆ, ಕೆಲಸ ಮಾಡುವ ಸಂಸ್ಥೆಯ ಬಜೆಟ್ಟಿಗಲ್ಲ. ಕಂಪನಿಗಳು ಅದನ್ನು ಸಂಸ್ಥೆಗಳ ತಲೆಗೆ ಕಟ್ಟುತ್ತವೆ. ಅದು ಕಾನೂನು ಎಂದು ಸಲಹೆಗಾರರು ಒಪ್ಪಿಕೊಂಡು ಅಳುತ್ತಾರೆ. ನಿಯಮದ ಪುಟ ತೆರೆದು ಚೌಕಾಸಿಗೆ ಕೂರುವುದು ಭಾಷಣ ತೋರಿಸುವುದಕ್ಕಿಂತ ಕಷ್ಟ, ಹೆಚ್ಚು ಫಲದಾಯಕ.

ಎದುರು ಪಂಗಡದವರೂ ಕಡಿಮೆಯಿಲ್ಲ. ಸೇವೆಗೆ ಸಂಬಳವೇಕೆ, ಸಿದ್ಧಗಂಗೆಯ ದಾಸೋಹ ಯಾವ ಓವರ್‌ಹೆಡ್ ಕೇಳಿತು ಎನ್ನುತ್ತಾರೆ. ದಾಸೋಹದಲ್ಲೂ ಸೌದೆಗೆ, ಪಾತ್ರೆಗೆ, ದವಸ ಹೊರುವುದಕ್ಕೆ ಬೆಲೆಯಿದೆ. ಭಕ್ತರ ದುಡಿಮೆಯೂ ಸನ್ಯಾಸಿಗಳ ಇಡೀ ಆಯುಸ್ಸೂ ಅದನ್ನು ತೆತ್ತವು. ಸಂಸಾರವಂದಿಗ ಕಾರ್ಯಕರ್ತರಿಂದ ಅದೇ ತ್ಯಾಗ ಬಯಸುವುದು ಆದರ್ಶವಲ್ಲ, ಜಿಪುಣತನ.

ಈ ಎರಡು ಪಂಗಡಗಳ ಗದ್ದಲದಲ್ಲಿ ಕಳೆದುಹೋದದ್ದು ಆನ್ ಗಾಗಿನ್ಸ್ ಗ್ರೆಗರಿ ಮತ್ತು ಡಾನ್ ಹೋವರ್ಡ್ 2009ರಲ್ಲಿ ‘ಸ್ಟ್ಯಾನ್‌ಫರ್ಡ್ ಸೋಶಿಯಲ್ ಇನೊವೇಶನ್ ರಿವ್ಯೂ’ದಲ್ಲಿ ಬರೆದ ಲೇಖನ. ದಾನಿಗಳು ಅಸಾಧ್ಯವಾದಷ್ಟು ಕಡಿಮೆ ವೆಚ್ಚ ನಿರೀಕ್ಷಿಸುತ್ತಾರೆ, ಸಂಸ್ಥೆಗಳು ಅದಕ್ಕೆ ತಕ್ಕಂತೆ ಹೊಟ್ಟೆ ಕಟ್ಟಿ ಲೆಕ್ಕವನ್ನೂ ಕಡಿಮೆ ತೋರಿಸುತ್ತವೆ, ಆ ಲೆಕ್ಕ ನೋಡಿ ದಾನಿಗಳ ನಿರೀಕ್ಷೆ ಇನ್ನಷ್ಟು ಇಳಿಯುತ್ತದೆ. ಪಲ್ಲೊಟ್ಟಾ ಭಾಷಣದಲ್ಲಿ ಹೇಳಿದ್ದರಲ್ಲಿ ಉಳಿಯತಕ್ಕದ್ದೆಲ್ಲ ಇಲ್ಲಿ ಆ ಭಾಷಣಕ್ಕಿಂತ ನಾಲ್ಕು ವರ್ಷ ಮೊದಲೇ ಇದೆ. ಒಂದು ವ್ಯತ್ಯಾಸವೆಂದರೆ ಈ ಚಕ್ರದಲ್ಲಿ ಸಂಸ್ಥೆಗಳ ಪಾಲನ್ನೂ ಅದು ಮುಚ್ಚಿಡುವುದಿಲ್ಲ.

ಬದಲಾವಣೆಯನ್ನು ನಿಭಾಯಿಸುವ ಹೊಣೆಯನ್ನು ಪಲ್ಲೊಟ್ಟಾ ಪೂರ್ತಿಯಾಗಿ ದಾನಿಯ ತಲೆಗೆ ಹೊರಿಸಿದರು. ಆ ಭಾಷಣ ನಮ್ಮ ಸಂಸ್ಥೆಗಳಿಗೆ ಇಷ್ಟು ಹಿತವಾಗಿರುವುದೂ ಅದಕ್ಕೇ. ಖರ್ಚು ಏಕೆ ಬೇಕೆಂದು ಕೊಟ್ಟವನಿಗೆ ಬಿಡಿಸಿ ಹೇಳಲಾರದ ಸಂಸ್ಥೆ, ಕನಸು ಎಷ್ಟೇ ದೊಡ್ಡದಿದ್ದರೂ, ಮುಂದಿನ ಪ್ರಾಯೋಜಕ ಎದ್ದುಹೋಗುವವರೆಗೆ ಮಾತ್ರ ಬಾಳುತ್ತದೆ.