ಪರದೆಯ ಅಂಕ, ಕಣದ ಚಿತ್

ಟಿ.ವಿ.ಯಲ್ಲಿ ಕಾಳಗ ನೋಡಿದ ಅಭಿಮಾನಿಯ ನೆನಪನ್ನು ಉತ್ತರ ಕರ್ನಾಟಕದ ಚಿಮ್ಮಡ, ಜಮಖಂಡಿ, ಮುಧೋಳದ ಸೀಮೆಯಲ್ಲಿ ತೂಗಿ ನೋಡಬೇಕಾದರೆ ಕುಸ್ತಿಯನ್ನೇ ಆಯ್ದುಕೊಳ್ಳುವುದು ಉಚಿತ. ಏಕೆಂದರೆ ಈ ಭಾಗದ ನೋಡುಗನ ಕಣ್ಣು ಪಳಗಿರುವುದು ಜಾತ್ರೆಯ ನಿಕಾಲಿ ಕುಸ್ತಿಯಲ್ಲಿ, ಅಂದರೆ ಅಂಕಗಳ ಲೆಕ್ಕವಿಲ್ಲದೆ, ಒಬ್ಬ ಪೈಲ್ವಾನನ ಬೆನ್ನು ಮಣ್ಣಿಗೆ ತಾಗಿ ಅವನು ಚಿತ್ ಆಗುವವರೆಗೆ ನಡೆಯುವ ಸೆಣಸಾಟದಲ್ಲಿ.

ಒಲಿಂಪಿಕ್ಸ್ ಕುಸ್ತಿ ಇದಕ್ಕಿಂತ ಭಿನ್ನ. ಕುಸ್ತಿಯನ್ನು ಒಲಿಂಪಿಕ್ಸ್‌ನಿಂದ ಕೈಬಿಡುವ ಶಿಫಾರಸು 2013ರ ಫೆಬ್ರುವರಿಯಲ್ಲಿ ಬಂದ ಮೇಲೆ ನಿಯಮಗಳು ಬದಲಾಗಿ, ಎರಡು ನಿಮಿಷದ ಮೂರು ಸುತ್ತುಗಳ ಜಾಗದಲ್ಲಿ ಮೂರು ನಿಮಿಷದ ಎರಡು ಅವಧಿಗಳು ಬಂದವು, ಎರಡರ ಅಂಕಗಳೂ ಒಟ್ಟುಗೂಡತೊಡಗಿದವು. ಇದರಿಂದ ಪರದೆಯ ನೋಡುಗನಿಗೆ ಆಟದ ಏರಿಳಿತ ಸುಲಭವಾಗಿ ದಕ್ಕಿತು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ 0–5ರಿಂದ ಹಿಂದಿದ್ದ ಭಾರತದ ಸಾಕ್ಷಿ ಮಲಿಕ್ 8–5ರಿಂದ ಕಂಚು ಗೆದ್ದದ್ದನ್ನು ಅಂಕಪಟ್ಟಿಯೇ ಕಥೆಯಂತೆ ಹೇಳಿತು.

ಆದರೆ ಅಂಕಪಟ್ಟಿ ಸೋಲುವ ಗಳಿಗೆಯೇ ನೆನಪಿನಲ್ಲಿ ಆಳವಾಗಿ ಊರುತ್ತದೆ. 2021ರ ಆಗಸ್ಟ್ 4ರಂದು ಟೋಕಿಯೊ ಒಲಿಂಪಿಕ್ಸ್‌ನಲ್ಲಿ, 57 ಕೆ.ಜಿ. ವಿಭಾಗದ ಸೆಮಿಫೈನಲ್‌ನಲ್ಲಿ ಕಜಕಸ್ತಾನದ ನೂರಿಸ್ಲಾಂ ಸನಾಯೆವ್ ಎದುರು 2–9ರಿಂದ ಹಿಂದಿದ್ದ ಭಾರತದ ರವಿ ದಹಿಯಾ, ಕೊನೆಯ ಹೊತ್ತಿನಲ್ಲಿ ಎದುರಾಳಿಯನ್ನು ಚಿತ್ ಮಾಡಿದಾಗ ಒಂಬತ್ತು ಅಂಕಗಳೂ ಒಮ್ಮೆಗೇ ವ್ಯರ್ಥವಾದವು. ಆಧುನಿಕ ನಿಯಮದೊಳಗೆ ಇನ್ನೂ ಉಳಿದಿರುವ ಹಳೆಯ ನಿಕಾಲಿಯ ತೀರ್ಪು ಇದು. ಜಾತ್ರೆಯ ಕುಸ್ತಿ ಕಣದಲ್ಲಿ ಹಲಗಿ ವಾದ್ಯದ ಸದ್ದಿಗೆ ಕಿವಿಗೊಟ್ಟು ಬೆಳೆದವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಚಿತ್ ಮಾಡುವಾಗಿನ ಹಿಡಿತದಲ್ಲಿ ಸಿಲುಕಿದ್ದ ಸನಾಯೆವ್ ರವಿಯ ತೋಳು ಕಚ್ಚಿದ್ದನ್ನು ಕ್ಯಾಮೆರಾ ಹಿಡಿದಿತ್ತು. ಕಣದ ಸುತ್ತ ಕುಳಿತವರ ಕಣ್ಣಿಗೆ ತಪ್ಪಬಹುದಾದದ್ದನ್ನು ಲಕ್ಷಾಂತರ ಜನರ ಮುಂದಿಡುವ ಈ ಶಕ್ತಿಯನ್ನು ಮೆಚ್ಚಲೇಬೇಕು.

ಹಾಗಿದ್ದರೂ ಟಿ.ವಿ. ಕುಸ್ತಿಗೆ ದೊಡ್ಡದೊಂದು ಕೊರತೆಯಿದೆ. ಮುಖಭಾವದ ಬೆನ್ನುಹತ್ತುವ ಕ್ಯಾಮೆರಾ, ಗೆಲುವು ನಿಜವಾಗಿ ಹುಟ್ಟುವ ಪಾದ ಮತ್ತು ಸೊಂಟವನ್ನು ಚೌಕಟ್ಟಿನಿಂದ ಹೊರಗಿಡುತ್ತದೆ, ವೀಕ್ಷಕ ವಿವರಣೆಯು ಎಷ್ಟು ಅಂಕ ಬಂತೆಂದು ಹೇಳಿ, ಯಾವ ಡಾವಿನಿಂದ, ಅಂದರೆ ಯಾವ ಪಟ್ಟಿನಿಂದ ಬಂತೆಂಬುದನ್ನು ಬಿಟ್ಟುಬಿಡುತ್ತದೆ. ಗರಡಿಯ ವಸ್ತಾದ, ಎಂದರೆ ಕುಸ್ತಿ ಕಲಿಸುವ ಗುರು, ಢಾಕ, ಏಕಲಂಗಿ ಎಂದು ಒಂದೇ ಮಾತಿನಲ್ಲಿ ಗುರುತಿಸುವುದು ಪ್ರಸಾರದಲ್ಲಿ ಬರಿಯ ‘ಎರಡು ಅಂಕ’ವಾಗಿ ಇಳಿಯುತ್ತದೆ. ಪ್ರೊ ಕಬಡ್ಡಿಗೆ ಕನ್ನಡದ ವಿವರಣೆ ದೊರೆತಿರುವಾಗ, ಗರಡಿಯ ನುಡಿ ಬಲ್ಲವರ ಬಾಯಿಂದ ಕುಸ್ತಿಗೂ ಅದು ದೊರೆಯಬೇಕು.